ಯಾರೂ ಗೆಲ್ಲದ ಫೈನಲ್

ಭವಿಷ್ಯ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಮರದ ಕೆಳಗೆ ಗಿಳಿಯ ಪಂಜರ ಇಟ್ಟುಕೊಂಡು ಕೂತವನಾಗಲಿ, ಬೆಳಗಾಗುತ್ತಲೇ ಟಿವಿಯಲ್ಲಿ ರಾಶಿಫಲ ಹೇಳುವ ರೇಷ್ಮೆ ಶಾಲಿನವರಾಗಲಿ, ಎಲ್ಲರೂ ನನಗೆ ಒಂದೇ. ನನ್ನ ಉದ್ಯೋಗವೂ ಈ ಸ್ವಭಾವಕ್ಕೆ ಒತ್ತಾಸೆಯಾಗಿ ನಿಂತಿದೆ. ಚೆನ್ನೈನ ಒಂದು ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿ ನನ್ನ ನೌಕರಿ. ಗೋಡೌನಿಗೆ ಬೆಂಕಿ ಬಿತ್ತು ಎಂದು ಯಾರಾದರೂ ಬಂದು ನಿಂತರೆ, ಬಿತ್ತೋ ಹಾಕಿದರೋ ಎಂದು ನನ್ನ ತಲೆ ತಾನಾಗಿಯೇ ಕೇಳುತ್ತದೆ. ನಿನ್ನ ಮುಂದೆ ತಲೆನೋವು ಅನ್ನಬೇಕಾದರೂ ಡಾಕ್ಟರ ಚೀಟಿ ತರಬೇಕು ಎಂದು ಮಗಳು ತಮಿಳಿನಲ್ಲಿ ಹೇಳಿ ನಗುತ್ತಾಳೆ. ನಾನು ಕನ್ನಡದಲ್ಲಿ ಬೈಯುತ್ತೇನೆ. ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದನ್ನು ಓದಿ, ಈಕೆ ಯಾರು ಏನು ಹೇಳಿದರೂ ತಲೆದೂಗುವವಳು ಎಂದು ನೀವು ತಿಳಿಯಬಾರದಲ್ಲ.

ನಮ್ಮ ತಂದೆ ಚಿತ್ರದುರ್ಗದ ಕಡೆಯವರು, ರೈಲ್ವೆಯಲ್ಲಿದ್ದರು. ನಾನು ಹುಟ್ಟಿ ಬೆಳೆದದ್ದೆಲ್ಲ ಚೆನ್ನೈ ಅಂಚಿನ ತಾಂಬರಂನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಲ್ಲಿನ ಕೆಮ್ಮಣ್ಣಿನ ಅಂಕಣದಲ್ಲಿ ಟೆನಿಸ್ ಕಲಿತೆ, ಕಾಲೇಜಿಗೂ ಆಡಿದೆ. ಆಮೇಲೆ ಮೊಣಕಾಲು ಕೈಕೊಟ್ಟಿತು. ಆಟ ಬಿಡಲು ಮನಸ್ಸಾಗದೆ ಪರೀಕ್ಷೆ ಬರೆದು ಅಂಪೈರ್ ಆದೆ, ಕೊನೆಗೆ ರೆಫರಿ. ಅಂದರೆ ಟೂರ್ನಿಯಲ್ಲಿ ಯಾವ ಪಂದ್ಯ ಯಾವ ಅಂಕಣದಲ್ಲಿ ಯಾವಾಗ ಎಂದು ತೀರ್ಮಾನಿಸುವವಳು, ಜಗಳ ಬಂದರೆ ಕೊನೆಯ ಮಾತು ಹೇಳುವವಳು. ಕಚೇರಿಗೆ ರಜೆ ಹಾಕಿ ವರ್ಷಕ್ಕೆ ಒಂದೆರಡು ಟೂರ್ನಿ ನಡೆಸಿಕೊಡುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಪೊಂಗಲ್ ಕಳೆದ ಮೇಲೆ ಅಂಥದೊಂದು ಕರೆ ಬಂತು. ಊರ ನಡುವಿನ ಹಳೆಯ ಕ್ಲಬ್ಬೊಂದರಲ್ಲಿ ಮಹಿಳೆಯರ ಟೂರ್ನಿ. ವಿಶೇಷವೆಂದರೆ ಅಲ್ಲಿನ್ನೂ ಹುಲ್ಲಿನ ಅಂಕಣಗಳಿದ್ದವು. ಹುಲ್ಲಿನ ಮೇಲೆ ಚೆಂಡು ಪುಟಿಯುವುದಿಲ್ಲ, ಜಾರುತ್ತದೆ. ಕೆಮ್ಮಣ್ಣಿನಲ್ಲಿ ಹುಲಿಯಾಗಿದ್ದವರು ಇಲ್ಲಿ ತಬ್ಬಿಬ್ಬಾಗುತ್ತಾರೆ. ಹಾಗಾಗಿ ಯಾರು ಗೆಲ್ಲುತ್ತಾರೆ ಎಂದು ಹುಲ್ಲಿನ ಮೇಲೆ ಊಹಿಸುವುದು ಬಲು ಕಷ್ಟ. ಇದು ನೆನಪಿರಲಿ.

ಮೊದಲ ದಿನ ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಆರಿರಲಿಲ್ಲ. ಆರುವ ತನಕ ಆಟ ಶುರುಮಾಡುವಂತಿಲ್ಲ. ಎಲ್ಲರೂ ಕಾಫಿ ಹಿಡಿದು ಕಾಯುತ್ತಿದ್ದಾಗ, ಪೆವಿಲಿಯನ್ನಿನ ಬೆತ್ತದ ಕುರ್ಚಿಯಿಂದ ಹುಬ್ಬಳ್ಳಿಯ ಕನ್ನಡ ಕೇಳಿಸಿತು. ಅರವತ್ತು ದಾಟಿದ ಒಬ್ಬ ಹೆಂಗಸು, ಇಳಕಲ್ ಸೀರೆ, ಹಣೆಯ ಮೇಲೆ ವಿಭೂತಿಯ ಸಣ್ಣ ಗೆರೆ, ಕಾಲಿಗೆ ಮೊಮ್ಮಗಳದಿರಬೇಕು, ದಪ್ಪ ಅಟ್ಟೆಯ ಕ್ರೀಡಾ ಬೂಟು. ಫೋನಿನಲ್ಲಿ ಮನೆಗೆ ಹೇಳುತ್ತಿದ್ದರು. "ನಮ್ಮ ಹುಡುಗಿ ಇವತ್ತ ಸೋಲತಾಳ. ಮಧ್ಯಾಹ್ನ ಊಟಕ್ಕ ಮನೀಗೇ ಬರತೀವಿ. ಅನ್ನಕ್ಕ ಇಡ್ರಿ."

ನನಗೆ ನಗು ಬಂತು. ಕನ್ನಡ ಕೇಳಿದ ಖುಷಿಯಲ್ಲಿ ಪರಿಚಯ ಮಾಡಿಕೊಂಡೆ. ಶಶಿಕಲಾ ಎಂದು ಹೆಸರು. ಮನೆತನದ್ದು ಪಾತ್ರೆ ವ್ಯಾಪಾರ. ಚೆನ್ನೈನಲ್ಲೇ ಪೋರೂರಿನಲ್ಲಿ ಮನೆ. ಮೊಮ್ಮಗಳು ಅನನ್ಯಾ ಟೂರ್ನಿಯಲ್ಲಿ ಆಡುತ್ತಿದ್ದಳು. ಅಜ್ಜಿ ಕನ್ನಡದಲ್ಲಿ ಕೇಳಿದರೆ ಆಕೆ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುವ ಹುಡುಗಿ. ಒಳ್ಳೆಯ ಆಟಗಾರ್ತಿ, ಅವತ್ತಿನ ಎದುರಾಳಿ ಆಕೆಯ ಮುಂದೆ ಏನೇನೂ ಅಲ್ಲ. ಆದರೂ ಅನನ್ಯಾ ಸೋತಳು. ಅಜ್ಜಿ ಆಕೆಯ ಬೆನ್ನು ಸವರಿ, ಬ್ಯಾಗು ಹೆಗಲಿಗೇರಿಸಿಕೊಂಡು ಊಟಕ್ಕೆ ನಡೆದರು.

ಮರುದಿನ ಬೆಳಿಗ್ಗೆ ಶಶಿಕಲಾ ಮತ್ತೆ ಅದೇ ಕುರ್ಚಿಯಲ್ಲಿದ್ದರು. ಮೊಮ್ಮಗಳು ಕಾಲೇಜಿಗೆ ಹೋಗಿದ್ದಾಳೆ, ನನಗೆ ಮನೆಯಲ್ಲಿ ಹೊತ್ತು ಹೋಗುವುದಿಲ್ಲ ಎಂದರು. ನಾನು ತಮಾಷೆಗೆ, ಒಂದನೇ ಅಂಕಣದ ಕಡೆ ಬೆರಳು ಮಾಡಿ ಇವರಿಬ್ಬರಲ್ಲಿ ಯಾರು ಎಂದೆ. ಇನ್ನೂ ಟಾಸ್ ಆಗಿರಲಿಲ್ಲ. ಅವರು ಇಬ್ಬರ ಕಡೆಗೂ ಸರಿಯಾಗಿ ನೋಡದೆ, "ಆ ನೀಲಿ ಸ್ಕರ್ಟಿನಾಕಿ" ಎಂದರು. ಹಾಗೇ ಆಯಿತು. ಎರಡನೇ ಅಂಕಣ ಕೇಳಿದೆ. ಅದೂ ಹಾಗೇ ಆಯಿತು. ಸಂಜೆಯ ಹೊತ್ತಿಗೆ ನನ್ನ ತಮಾಷೆ ಇಳಿದುಹೋಗಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ಇಂಥ ಸಣ್ಣ ಟೂರ್ನಿಗಳ ಮೇಲೂ ಈಗ ಎಲ್ಲೆಲ್ಲೋ ಕೂತವರು ಬಾಜಿ ಕಟ್ಟುತ್ತಾರೆ. ಅಂಕಣದ ಬದಿಯಲ್ಲಿ ಫೋನ್ ಹಿಡಿದು ಕೂತು ಹೊರಗೆ ಸುದ್ದಿ ಮುಟ್ಟಿಸುವವರ ಮೇಲೆ ಕಣ್ಣಿಡಿ ಎಂದು ರೆಫರಿಗಳಿಗೆ ತಾಕೀತು ಇರುತ್ತದೆ. ಆಟಗಾರ್ತಿಯರಲ್ಲಿ ಹಲವರು ಬಡ ಮನೆಯ ಹುಡುಗಿಯರು. ಒಂದು ಪಂದ್ಯ ಬಿಟ್ಟುಕೊಡು ಎಂದು ಯಾರಾದರೂ ಕಿವಿಯಲ್ಲಿ ಊದಿದರೆ? ಪಾತ್ರೆ ವ್ಯಾಪಾರದ ಮನೆಯ ಅಜ್ಜಿಯ ಮೇಲೆ ಯಾರಿಗೆ ತಾನೇ ಸಂಶಯ ಬಂದೀತು? ಹಾಗೆ ಯೋಚಿಸಿದಷ್ಟೂ ನನಗೆ ಸಂಶಯ ಗಟ್ಟಿಯಾಯಿತು. ಅವರು ಯಾರೊಂದಿಗೆ ಮಾತಾಡುತ್ತಾರೆ, ಎಷ್ಟು ಸಲ ಫೋನ್ ತೆಗೆಯುತ್ತಾರೆ, ಯಾವ ಹುಡುಗಿ ಅವರಿಗೆ ನಮಸ್ಕಾರ ಹೇಳುತ್ತಾಳೆ, ಎಲ್ಲವನ್ನೂ ಗಮನಿಸತೊಡಗಿದೆ. ಅವರು ಮೊಮ್ಮಗಳಿಗೆ ಊಟ ಆಯಿತಾ ಎಂದು ಕೇಳಲು ಫೋನ್ ತೆಗೆಯುತ್ತಿದ್ದರು, ಅಷ್ಟೇ. ಉಳಿದ ಹೊತ್ತು ಫೋನು ಕೈಚೀಲದ ತಳದಲ್ಲಿ, ಕಡಲೆಕಾಯಿಯ ಪೊಟ್ಟಣದ ಕೆಳಗೆ.

ಕ್ವಾರ್ಟರ್ ಫೈನಲ್ ದಿನ ಪಕ್ಕದಲ್ಲಿ ಕೂತು ನೇರವಾಗಿಯೇ ಕೇಳಿದೆ. "ನಿಮಗೆ ಮೊದಲೇ ಹೇಗೆ ಗೊತ್ತಾಗುತ್ತೆ?"

ಅವರಿಗೆ ಸಂಕೋಚವಾಯಿತು. "ಗೆಲ್ಲೋದು ಸೋಲೋದು ನನಗ ಗೊತ್ತಾಗಂಗಿಲ್ರಿ. ಆಟದ ರೂಲ್ಸ್ ಸೈತ ನನಗ ಬರಂಗಿಲ್ಲ. ಆಟ ಮುಗದ ಮ್ಯಾಲೆ ನೆಟ್ ಹತ್ರ ಇಬ್ಬರೂ ಕೈ ಕುಲುಕತಾರಲ್ಲ, ಅದಷ್ಟ ಮೊದಲ ಕಾಣತೈತಿ. ಮಾರಿ ನೋಡಿದ್ರ ತಿಳೀತೈತಿ, ಯಾರು ಸೋತಾರ ಅಂತ."

"ಯಾವಾಗಿನಿಂದ?"

"ಅನನ್ಯಾ ಆಡಾಕ ಹತ್ತಿದಾಗಿಂದ. ಮನ್ಯಾಗ ಯಾರಿಗೂ ಹೇಳಿಲ್ಲ. ನೀವು ಕನ್ನಡದವರು ಅಂತ ಬಾಯಿ ಬಿಟ್ಟೆ, ನೋಡ್ರಿ. ಸುಮ್ಮಾ ಇರಬೇಕಿತ್ತು."

ನಾನು ತಲೆಯಾಡಿಸಿದೆ. ಒಂದಕ್ಷರ ನಂಬಲಿಲ್ಲ. ನಮ್ಮ ವಿಭಾಗದಲ್ಲಿ ಸುಳ್ಳು ಹೇಳಿಕೊಂಡು ಬರುವವರೇ ಇಷ್ಟು ಚಂದದ ವಿವರ ಕೊಡುವುದು. ನಿಜ ಹೇಳುವವರು ತಡವರಿಸುತ್ತಾರೆ.

ಸೆಮಿಫೈನಲ್‌ನಲ್ಲಿ ಇವರನ್ನು ಪರೀಕ್ಷಿಸಿಯೇ ಬಿಡೋಣ ಎಂದುಕೊಂಡೆ. ಅವತ್ತು ಎಲ್ಲರ ಕಣ್ಣು ಕಯಲ್ ಎಂಬ ಹುಡುಗಿಯ ಮೇಲಿತ್ತು. ಉತ್ತರ ಚೆನ್ನೈನ ಮಣಲಿಯವಳು. ಅಪ್ಪ ಅಲ್ಲಿನ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಗಾರ. ರಾತ್ರಿ ಪಾಳಿ ಮುಗಿಸಿ, ಸಮವಸ್ತ್ರದಲ್ಲೇ, ಹಳೆಯ ಸ್ಕೂಟರಿನಲ್ಲಿ ಮಗಳನ್ನು ಕರೆತರುತ್ತಿದ್ದ. ಆಕೆಯ ಹೆಸರನ್ನು ಟೂರ್ನಿಗೆ ಮುಂಚೆ ಯಾರೂ ಕೇಳಿರಲಿಲ್ಲ. ಇದನ್ನು ಗೆದ್ದರೆ ಕ್ರೀಡಾ ಕೋಟಾದಲ್ಲಿ ಕೆಲಸ ಸಿಗುವ ಸಂಭವವಿದೆ ಎಂದು ಅಪ್ಪ ನನ್ನ ಬಳಿ ಹೇಳಿಕೊಂಡಿದ್ದ. ಎದುರಾಳಿ ಎರಡನೇ ಶ್ರೇಯಾಂಕದವಳು, ಬಲಿಷ್ಠೆ. ಯಾರಾದರೂ ಮೊದಲೇ ಹೊಂದಿಸಿಟ್ಟಿದ್ದರೆ ಕೆಡಲಿ ಎಂದು ಕೊನೆಯ ಗಳಿಗೆಯಲ್ಲಿ ಅಂಕಣ ಬದಲಿಸಿದೆ, ಅಂಪೈರನ್ನೂ ಬದಲಿಸಿದೆ. ಆಮೇಲೆ ಶಶಿಕಲಾ ಅವರ ಬಳಿ ಹೋಗಿ ಕೇಳಿದೆ.

"ಮಣಲಿ ಹುಡುಗಿನ ಗೆಲ್ಲತಾಳ," ಎಂದರು. ಸ್ವಲ್ಪ ತಡೆದು, "ಇನ್ನೊಬ್ಬಾಕಿ ಸೋತ ಮ್ಯಾಲೆ, ಕೈ ಕೊಡೂಕಿಂತ ಮೊದಲ, ಬೂಟಿನ ಲೇಸ್ ಕಟ್ಟತಾಳ. ಯಾಕೋ ಏನೋ, ಪಾಪ" ಎಂದರು.

ಪಂದ್ಯ ಹಗ್ಗಜಗ್ಗಾಟವಾಗಿ ನಡೆಯಿತು. ಕೊನೆಗೆ ಕಯಲ್ ಹೊಡೆದ ಚೆಂಡು ಹುಲ್ಲಿನ ಮೇಲೆ ಸವರಿಕೊಂಡು ಹೋಯಿತು. ಎದುರಾಳಿಗೆ ರ‍್ಯಾಕೆಟ್ ತಾಗಿಸಲೂ ಆಗಲಿಲ್ಲ. ಆ ಹುಡುಗಿ ನೆಟ್ಟಿನ ಕಡೆ ನಾಲ್ಕು ಹೆಜ್ಜೆ ನಡೆದಳು. ನಿಂತಳು. ಮಂಡಿಯೂರಿ ಕೂತು ಬಲಗಾಲಿನ ಲೇಸ್ ಬಿಚ್ಚಿ ಮತ್ತೆ ಕಟ್ಟಿದಳು. ಅಳುವನ್ನು ನುಂಗಿಕೊಳ್ಳಲು ಹಾಗೆ ಮಾಡಿದಳೆಂದು ಕಾಣುತ್ತದೆ, ಮೇಲೆದ್ದಾಗ ಕಣ್ಣು ಕೆಂಪಾಗಿತ್ತು. ಆಮೇಲೆ ಕೈ ಕೊಟ್ಟಳು.

ಸೋಲನ್ನು ಹೊಂದಿಸಿಡಬಹುದು. ಇದನ್ನು ಯಾರು ಹೊಂದಿಸಿಟ್ಟಾರು? ಮನೆಗೆ ಹೋಗುವ ಎಲೆಕ್ಟ್ರಿಕ್ ಟ್ರೈನಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತು ನನಗೆ ನಾನೇ ಉತ್ತರ ಹುಡುಕಿಕೊಂಡೆ. ಆ ಹುಡುಗಿಗೆ ಅದು ಹಳೆಯ ಅಭ್ಯಾಸವಿದ್ದೀತು, ಈಕೆ ಬೇರೆಲ್ಲೋ ನೋಡಿರಬೇಕು. ತಾಂಬರಂ ಬರುವ ಹೊತ್ತಿಗೆ ಆ ಉತ್ತರ ನನಗೆ ಸಾಕೆನಿಸಿತ್ತು.

ಫೈನಲ್ ದಿನ ಸಂಜೆಯ ಬಿಸಿಲು ಹದವಾಗಿತ್ತು. ಆಕಾಶದಲ್ಲಿ ಮೋಡದ ಚೂರೂ ಇಲ್ಲ. ಕಯಲ್ ವಿರುದ್ಧ ಹೈದರಾಬಾದಿನ ರಿತಿಕಾ, ಮೊದಲ ಶ್ರೇಯಾಂಕದವಳು. ಶಶಿಕಲಾ ಅವತ್ತು ಯಾಕೋ ಮಂಕಾಗಿದ್ದರು. ನಾನು ಹತ್ತಿರ ಹೋದರೆ ಮುಖ ತಿರುಗಿಸಿದರು. ಬಿಡದೆ ಕೇಳಿದೆ.

"ಇವತ್ತ ಏನೂ ಕೇಳಬ್ಯಾಡ್ರಿ."

"ಯಾಕೆ? ಯಾರು ಗೆಲ್ತಾರೆ ಹೇಳಿ."

"ಯಾರೂ ಗೆಲ್ಲಂಗಿಲ್ಲ. ಕೈ ಕುಲುಕೋದ ಕಾಣವಲ್ದು."

"ಅಂದ್ರೆ? ಅರ್ಧಕ್ಕೇ ಬಿಟ್ಟುಬಿಡ್ತಾರಾ?"

"ನನಗ ಗೊತ್ತಿಲ್ಲ ಅಂದೆನಲ್ರಿ!" ಎಂದು ಸಿಡುಕಿದರು. ಅವರ ಬಾಯಿಂದ ಅಂಥ ಧ್ವನಿ ನಾನು ಕೇಳಿರಲಿಲ್ಲ.

ನನಗೆ ಆಗ ಎಲ್ಲ ಸ್ಪಷ್ಟವಾದಂತೆ ಅನಿಸಿತು. ಆಡುತ್ತ ಆಡುತ್ತ ಒಬ್ಬಳು ಕಾಲು ಹಿಡಿದುಕೊಂಡು, ನೋವು ಎಂದು ಪಂದ್ಯ ಬಿಟ್ಟುಕೊಡುತ್ತಾಳೆ. ಬಾಜಿಯವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಯಾರು? ದುಡ್ಡಿನ ಮುಗ್ಗಟ್ಟಿನಲ್ಲಿರುವ ಬಡ ಹುಡುಗಿಯೇ ಇರಬೇಕು. ಆ ಹುಡುಗಿಯ ಆಟ ನನಗೆ ಬಹಳ ಹಿಡಿಸಿತ್ತು. ಆದರೆ ಸಿಕ್ಕಿಬಿದ್ದರೆ ಆಕೆ ಮತ್ತೆಂದೂ ರ‍್ಯಾಕೆಟ್ ಹಿಡಿಯುವಂತಿಲ್ಲ. ನಾನು ಅಂಕಣದ ಬದಿಯಲ್ಲೇ ಕುರ್ಚಿ ಹಾಕಿಸಿಕೊಂಡು ಕೂತೆ.

ಇಬ್ಬರೂ ಒಂದೊಂದು ಸೆಟ್ ಗೆದ್ದರು. ಮೂರನೆಯದರಲ್ಲಿ ಕಯಲ್ ಮುಂದಿದ್ದಳು. ಸರ್ವ್ ಮಾಡಲು ಬೇಸ್‌ಲೈನಿಗೆ ಬಂದವಳು ಚೆಂಡು ಪುಟಿಸದೆ ನಿಂತಳು. ಬಗ್ಗಿದಳು. ಕೈ ಮೀನಖಂಡದ ಹತ್ತಿರ ಹೋಯಿತು. ತಲೆಯೆತ್ತಿ ಪ್ರೇಕ್ಷಕರ ಕಡೆ ನೋಡಿದಳು, ಮತ್ತೆ ಬಗ್ಗಿದಳು.

ಬಂತು, ಎಂದುಕೊಂಡೆ.

ರೆಫರಿ ಆಟದ ನಡುವೆ ಹಾಗೆ ಒಳಗೆ ಹೋಗುವುದು ಪದ್ಧತಿಯಲ್ಲ. ಅಂಪೈರ್ ಕರೆದರೆ ಹೋಗಬೇಕು. ನಾನು ಕಾಯಲಿಲ್ಲ. ಕೈಯೆತ್ತಿ ಆಟ ನಿಲ್ಲಿಸಿ, ಅಂಪೈರಿನ ಎತ್ತರದ ಕುರ್ಚಿಯ ಹತ್ತಿರ ಹೋಗಿ ನಿಂತು, ಇಲ್ಲಿ ಬಾ ಎಂದು ಕಯಲ್‌ಳನ್ನು ಕರೆದೆ. ಆಕೆ ಅಲ್ಲಿಂದಲೇ ಏನು ಎಂಬಂತೆ ಕೈ ಆಡಿಸಿದಳು. ಈಗಲೇ ಬಾ ಎಂದು ಗದರಿದೆ. ಮುಖ ಸಣ್ಣದು ಮಾಡಿಕೊಂಡು ನಡೆದು ಬಂದಳು.

"ಕಾಲಿಗೇನಾಗಿದೆ? ನಿಜ ಹೇಳು," ಎಂದು ತಮಿಳಿನಲ್ಲಿ ಕೇಳಿದೆ.

"ಕಾಲ್ ಇಲ್ಲೆ ಮೇಡಂ, ತರೈ..." ಎಂದಳು. ಕಾಲಲ್ಲ, ನೆಲ, ಎಂದು ಹೇಳಹೊರಟಿದ್ದಳು.

ಅಷ್ಟರಲ್ಲಿ ಅಕ್ಕಿಮೂಟೆಗಳು ಒಂದರ ಮೇಲೊಂದು ಬಿದ್ದಂಥ ಸದ್ದು. ತಿರುಗಿ ನೋಡಿದರೆ ಬೇಸ್‌ಲೈನಿನ ನಡುಭಾಗ ಅಲ್ಲಿರಲಿಲ್ಲ. ಬಿಳಿಯ ಗೆರೆ ಎರಡು ಕಡೆಯಿಂದ ಬಂದು ಕತ್ತಲೆಯೊಳಕ್ಕೆ ಇಳಿದುಹೋಗಿತ್ತು. ಆಟೋರಿಕ್ಷಾ ಒಂದು ಇಳಿಯುವಷ್ಟು ಅಗಲದ ದುಂಡನೆಯ ಗುಂಡಿ. ಅಂಚಿನ ಹುಲ್ಲು ಹರಿದ ಚಾಪೆಯಂತೆ ಒಳಕ್ಕೆ ಜೋತಾಡುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಆಳದಲ್ಲಿ ನೀರಿಗೆ ಮಣ್ಣು ಬೀಳುವ ಸದ್ದು ಕೇಳಿಸಿತು. ಕಯಲ್ ನಿಂತಿದ್ದ ಜಾಗ ಅದೇ.

ಆಮೇಲೆ ಕೂಗಾಟ, ಓಡಾಟ. ಗೆರೆ ನೋಡಲು ಹಿಂದೆ ಕೂತಿದ್ದ ಹುಡುಗಿ ಬೇಲಿಗೆ ಅಂಟಿಕೊಂಡು ಚೀರುತ್ತಿದ್ದಳು. ಆಕೆಯನ್ನು ಬದಿಯಿಂದ ಕರೆತಂದರು. ರಿತಿಕಾಳನ್ನು ಅವಳ ತಾಯಿ ಎಳೆದುಕೊಂಡು ಹೊರಗೆ ಹೋದರು. ಕಯಲ್‌ಳ ಅಪ್ಪ ಅಂಕಣದೊಳಗೆ ನುಗ್ಗಿ ಬಂದು ಮಗಳನ್ನು ತಬ್ಬಿ, ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ನಿಮಗೆ ಹೇಗೆ ಗೊತ್ತಾಯಿತು ತಾಯಿ, ಎಂದು ಮತ್ತೆ ಮತ್ತೆ ಕೇಳಿದ. ನಾನು ತಿರುಗಿ ಶಶಿಕಲಾ ಅವರ ಕುರ್ಚಿಯ ಕಡೆ ನೋಡಿದೆ. ಖಾಲಿಯಾಗಿತ್ತು.

ಮರುವಾರ ಕ್ಲಬ್ಬಿನ ಸಮಿತಿ ನನ್ನನ್ನು ಕರೆಸಿತು. ಅಲ್ಲಿ ಹಿಂದೊಮ್ಮೆ ಬಾವಿಯಿತ್ತು, ಮುಚ್ಚಿ ಹುಲ್ಲು ಬೆಳೆಸಿದ್ದರು ಎಂದು ತಮ್ಮ ತಂದೆ ಹೇಳಿದ ಮಬ್ಬು ನೆನಪು ಒಬ್ಬ ಹಿರಿಯ ಸದಸ್ಯರಿಗಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ. ನನಗೆ ಮೊದಲು ಮೆಚ್ಚುಗೆಯ ಮಾತು ಸಿಕ್ಕಿತು. ಆಮೇಲೆ ಕಾರ್ಯದರ್ಶಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು. "ಮೇಡಂ, ಅಂಪೈರ್ ಕರೆದಿಲ್ಲ, ಆಟಗಾರ್ತಿ ಕರೆದಿಲ್ಲ. ನೀವು ಯಾಕೆ ಒಳಗೆ ಹೋದಿರಿ?"

ಆಕೆಯ ಕಾಲಿಗೆ ಪೆಟ್ಟಾಗಿದೆ ಅನಿಸಿತು, ಎಂದೆ.

"ಅದಕ್ಕೆ ವೈದ್ಯರನ್ನು ಕಳಿಸುತ್ತಾರೆ. ನೀವು ಆಕೆಯನ್ನು ಆ ಜಾಗದಿಂದ ಈಚೆಗೆ ಕರೆದಿರಿ. ಗದರಿ ಕರೆದಿರಿ." ಸುತ್ತ ಕೂತಿದ್ದವರೆಲ್ಲ ನನ್ನನ್ನೇ ನೋಡಿದರು. ಒಬ್ಬರು ಮೆಲ್ಲಗೆ, ಕ್ಲಬ್ಬಿನ ವಿಮೆ ಇರುವುದು ನಿಮ್ಮ ಕಚೇರಿಯಲ್ಲೇ ಅಲ್ಲವೇ, ಎಂದರು.

ಆ ನೋಟ ನನಗೆ ಚೆನ್ನಾಗಿ ಗೊತ್ತು. ದಿನವೂ ನನ್ನ ಮೇಜಿನಾಚೆ ಕೂತವರನ್ನು ನಾನು ನೋಡುವ ನೋಟ ಅದು. ಶಶಿಕಲಾ ಅವರ ಹೆಸರು ನಾಲಿಗೆಯ ತುದಿಗೆ ಬಂತು. ಹೇಳಿದರೆ ಆ ಹೆಂಗಸಿನ ಮೇಲೆ ಬೀಳುತ್ತಾರೆ, ನಂಬುವುದಂತೂ ಇಲ್ಲ. ಅನಿಸಿತು, ಹೋದೆ, ಎಂದಷ್ಟೇ ಹೇಳಿ ಎದ್ದು ಬಂದೆ. ಕಚೇರಿಯಲ್ಲೂ ಕ್ಲಬ್ಬಿನ ಕ್ಲೇಮನ್ನು ನನ್ನ ಕಣ್ಣಿಗೆ ಬೀಳದಂತೆ ಬೇರೆಯವರಿಗೆ ಕೊಟ್ಟರು. ಸ್ವಲ್ಪ ಕಾಲ ನಾನು ಒಳಬಂದರೆ ಮಾತು ನಿಲ್ಲುತ್ತಿತ್ತು. ಫೈನಲ್ ಮತ್ತೆ ನಡೆಯಲೇ ಇಲ್ಲ. ಕಯಲ್‌ಗೆ ಮಾತ್ರ ಮುಂದೆ ಬೇರೊಂದು ಟೂರ್ನಿಯ ಬಲದಿಂದ ಕೆಲಸ ಸಿಕ್ಕಿತು ಎಂದು ಕೇಳಿ ಸಮಾಧಾನವಾಯಿತು.

ಶಶಿಕಲಾ ನನ್ನ ಫೋನ್ ಎತ್ತುತ್ತಿರಲಿಲ್ಲ. ಬೇಸಿಗೆ ಕಳೆದ ಮೇಲೆ ಒಂದು ಭಾನುವಾರ ಹೇಳದೆ ಕೇಳದೆ ಪೋರೂರಿಗೆ ಹೋದೆ. ಬಾಗಿಲು ತೆರೆದವರು ಒಂದು ಕ್ಷಣ ಹಾಗೇ ನಿಂತರು, ಆಮೇಲೆ ಬರ್ರಿ ಎಂದರು. ಕೆರೆಯ ಕಡೆ ಮುಖ ಮಾಡಿದ ಫ್ಲ್ಯಾಟು. ಅನನ್ಯಾ ಟಿವಿಯಲ್ಲಿ ಇಂಗ್ಲೆಂಡಿನ ಹುಲ್ಲಿನ ಅಂಕಣದ ಆಟ ಹಾಕಿಕೊಂಡು ಕೂತಿದ್ದಳು. ಅಜ್ಜಿ ಟಿವಿಗೆ ಬೆನ್ನು ಮಾಡಿ ಕೂತರು. ಅವಲಕ್ಕಿ ಬಂತು, ಕಾಫಿ ಬಂತು.

"ನಿಮಗೆ ಬಾವಿ ವಿಷಯ ಗೊತ್ತಿತ್ತಾ?" ಎಂದು ಕೇಳಿಯೇಬಿಟ್ಟೆ.

"ಖರೇನ ಗೊತ್ತಿರಲಿಲ್ಲ. ಗುಂಡಿ ನನಗ ಕಾಣಲೇ ಇಲ್ಲ." ಸ್ವಲ್ಪ ಹೊತ್ತು ಸೆರಗಿನ ಅಂಚು ತಿರುವುತ್ತಿದ್ದರು. "ಆವತ್ತ ನಿಮಗ ಒಂದು ಹೇಳಲಿಲ್ಲ. ಕೈ ಕುಲುಕೋದ ಕಾಣಲಿಲ್ಲ, ಅದರ ಬದಲಿ ನೀವು ಕಂಡ್ರಿ. ಕೈ ಎತ್ತಿಕೊಂಡು, ಸಿಟ್ಟಿಲೆ, ಕೋರ್ಟಿನೊಳಗ ನಡಕೊಂತ ಹೊಂಟಿದ್ರಿ. ನೀವ ಏನೋ ಮಾಡಿ ಆಟ ಕೆಡಸ್ತೀರಿ ಅಂತ ತಿಳಕೊಂಡೆ. ಆ ಬಡ ಹುಡುಗೀಗಿ ಮೋಸ ಮಾಡೂರು ಇವರ ಅಂತ. ಅದಕ್ಕ ನಿಮ್ಮ ಮಾರಿ ನೋಡಾಕ ಮನಸ್ಸಾಗಲಿಲ್ಲ."

ನಾನು ಆಕೆಯನ್ನು ಅನುಮಾನಿಸುತ್ತ ಕೂತಿದ್ದ ಹೊತ್ತಿನಲ್ಲಿ ಆಕೆ ನನ್ನನ್ನು ಅನುಮಾನಿಸುತ್ತ ಕೂತಿದ್ದರು. ಅದಕ್ಕೆ ಇಬ್ಬರೂ ನಕ್ಕೆವು. ಆದರೆ ನಗು ಬೇಗ ನಿಂತಿತು. ಯಾರೂ ಗೆಲ್ಲುವುದಿಲ್ಲ ಎಂದು ಆಕೆ ಹೇಳದಿದ್ದರೆ ನಾನು ಒಳಗೆ ಹೋಗುತ್ತಿರಲಿಲ್ಲ. ನಾನು ಒಳಗೆ ಹೋಗುವುದನ್ನು ಮೊದಲೇ ಕಂಡದ್ದರಿಂದಲೇ ಆಕೆ ಹಾಗೆ ಹೇಳಿದ್ದು. ಹಾಗಾದರೆ ಇದು ಶುರುವಾದದ್ದು ಎಲ್ಲಿಂದ? ಕಚೇರಿಯಲ್ಲಿ ಎಂಜಿನಿಯರ್ ಗೆಳೆಯರೊಬ್ಬರಿಗೆ ಇದನ್ನು ಹೇಳಿದ್ದೇನೆ. ನೆಲ ಕುಸಿಯುವ ಮುಂಚೆ ಮೆತ್ತಗಾಗುತ್ತದೆ, ಹುಡುಗಿ ಅದನ್ನು ಗುರುತಿಸಿದಳು, ನೀವು ನೋಡಿ ಹೋದಿರಿ, ಉಳಿದದ್ದು ಕಾಕತಾಳೀಯ, ಎಂದರು. ಇರಬಹುದು. ಲೇಸಿನ ವಿಷಯ ಕೇಳಿದೆ. ಅವರು ಬೇರೆ ಮಾತು ತೆಗೆದರು.

ಆ ಭಾನುವಾರ ನಾನು ಹೊರಟಾಗ ಟಿವಿಯಲ್ಲಿ ಹೊಸ ಪಂದ್ಯಕ್ಕೆ ಆಟಗಾರ್ತಿಯರು ಬರುತ್ತಿದ್ದರು. ಶಶಿಕಲಾ ಲಿಫ್ಟಿನ ತನಕ ಬಿಡಲು ಬಂದರು. ನಾನು ಒಳಗೆ ಹೋಗಿ ಅವರ ಕಡೆ ತಿರುಗಿ ನಿಂತೆ. ಅವರು ನನ್ನನ್ನೇ ನೋಡುತ್ತಿದ್ದರು. ಹುಬ್ಬು ಗಂಟಿಕ್ಕಿತು. ಏನೋ ಹೇಳಲು ಬಾಯಿ ತೆರೆದರು.

ನಾನು ಬಾಗಿಲು ಮುಚ್ಚುವ ಬಟನ್ ಒತ್ತಿದೆ.